ಗಿರಾಕಿಯ ಯಂತ್ರ, ನಮ್ಮ ಆಕಾಶ

ಹೆಸರಘಟ್ಟದಿಂದ ಬೆಂಗಳೂರಿಗೆ ಹೋಗುವ ಬಸ್ಸು ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಪೀಣ್ಯ. 1980ರ ದಶಕದಲ್ಲಿ ಶಾಲೆಗೆಂದು ದಿನವೂ ಆ ದಾರಿಯಲ್ಲಿ ಓಡಾಡಿದ ನಮಗೆ ಪೀಣ್ಯವೆಂದರೆ ಲೇತುಗಳ ಸದ್ದು, ಎಣ್ಣೆಯ ವಾಸನೆ, ಪಾಳಿ ಮುಗಿಸಿ ಬಸ್ಸಿಗೆ ನುಗ್ಗುವ ಕಾರ್ಮಿಕರು, ಅಷ್ಟೆ. ಭಾರತದ ಮೊದಲ ಉಪಗ್ರಹ ಆ ಶೆಡ್ಡುಗಳ ನಡುವೆಯೇ ತಯಾರಾಗಿತ್ತೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಅವರ ತಂಡ ಕಟ್ಟಿದ 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅದು ಕಳಿಸುವ ಮಾಹಿತಿಯನ್ನು ಹಿಡಿಯಲು ಜಾಗ ಸಾಲದೆ ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಸ್ವೀಕಾರ ಕೇಂದ್ರವಾಗಿ ಮಾರ್ಪಡಿಸಿದ್ದನ್ನು ರಾವ್ ಅವರೇ ಆಮೇಲೆ ನೆನಪಿಸಿಕೊಂಡಿದ್ದಾರೆ. ಅಂದಿನ 2 ರೂಪಾಯಿ ನೋಟಿನ ಹಿಂಬದಿಯಲ್ಲಿ ಆರ್ಯಭಟದ ಚಿತ್ರವಿತ್ತು. ಆ ನೋಟನ್ನು ಕಂಡಕ್ಟರನ ಕೈಗಿಡುವಾಗ ಅದು ಹುಟ್ಟಿದ ಜಾಗವೇ ಕಿಟಕಿಯ ಹೊರಗೆ ಹಾದುಹೋಗುತ್ತಿತ್ತು. ನಾವು ನೋಡಲಿಲ್ಲ.

ನಮ್ಮ ಆಕಾಶ ಬೇರೆಡೆ ಇತ್ತು. ಇಂಗ್ಲೆಂಡಿನಲ್ಲಿ ರೂಪುಗೊಂಡ, ಟಿ.ವಿ.ಗೆ ಸಿಕ್ಕಿಸಿದರೆ ಮಾತ್ರ ಜೀವ ಬರುವ, 32 ಅಥವಾ 48 ಕಿಲೋಬೈಟ್ ಮೆಮೊರಿಯ ಪುಟ್ಟ ಯಂತ್ರಗಳೊಳಗೆ ನಾವು ನಕ್ಷತ್ರಗಳನ್ನು ಹುಡುಕುತ್ತಿದ್ದೆವು. ಇಲ್ಲಿ ನಾವು ಎಂದರೆ ಈ ಲೇಖಕ, ಎರಡು ವರ್ಷ ಚಿಕ್ಕವಳಾದ ತಂಗಿ ಮತ್ತು ಪಕ್ಕದ ಬೀದಿಯ ಒಕ್ಕಲಿಗರ ಮನೆಯ ಗೆಳೆಯ. ಮನೆಗಳಿಗೆ ಕಂಪ್ಯೂಟರು ಬಂದ ಕಾಲದ ಬಗ್ಗೆ ಇಂಗ್ಲಿಷಿನಲ್ಲಿ ಸಾಕಷ್ಟು ಪುಸ್ತಕಗಳಿವೆ. ಅವೆಲ್ಲ ಕೊಂಡವರ ಕತೆಗಳು. ಹುಟ್ಟುಹಬ್ಬಕ್ಕೆ ತಂದೆ ಕೊಡಿಸಿದ್ದು, ಮಹಡಿಯ ಕೋಣೆಯಲ್ಲಿ ರಾತ್ರಿಯೆಲ್ಲ ಆಡಿದ್ದು, ಹೀಗೆ. ನಮ್ಮ ಕಡೆಯ ಕತೆ ಹಾಗಿಲ್ಲ. ಇಲ್ಲಿ ಆ ಯಂತ್ರ ಯಾವಾಗಲೂ ಇನ್ನೊಬ್ಬರದಾಗಿತ್ತು. ಶಾಲೆಯದು, ಗಿರಾಕಿಯದು, ಕುವೈತಿನಿಂದ ಬಂದ ಮಾಮುವಿನದು. ಹೀಗೆ ಪರರ ಸೊತ್ತಿನ ಮೇಲೆ ಕಲಿತವರ ಇತಿಹಾಸವನ್ನು ಯಾರೂ ಬರೆದಿಟ್ಟಿಲ್ಲ. ತೋರಿಸಲು ಅವರ ಕೈಯಲ್ಲಿ ಏನೂ ಉಳಿದಿಲ್ಲವಲ್ಲ.

ಆರ್ಯಭಟ ಹಾರಿದ ವರ್ಷವೇ, ಅದಕ್ಕೆ ಮೂರು ತಿಂಗಳು ಮುಂಚೆ, ಅಮೆರಿಕದ ಪತ್ರಿಕೆಯೊಂದರ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರ ಬಂದಿತ್ತು. ಸಾಮಾನ್ಯನೊಬ್ಬ ಬಿಡಿಭಾಗಗಳನ್ನು ತರಿಸಿಕೊಂಡು ಮನೆಯಲ್ಲೇ ಜೋಡಿಸಬಹುದಾಗಿದ್ದ ಕಂಪ್ಯೂಟರು. ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂಭಾಗದಲ್ಲಿ ಸಾಲಾಗಿ ಸ್ವಿಚ್ಚುಗಳು, ಕೆಂಪು ದೀಪಗಳು. ಮೂಲ ಯಂತ್ರದ ಮೆಮೊರಿ 256 ಬೈಟ್, ಎಂದರೆ ಈ ಪ್ಯಾರಾದ ಒಂದೆರಡು ವಾಕ್ಯಗಳಿಗೂ ಸಾಲದು. ಆಲ್ಟೇರ್ ಒಂದು ನಕ್ಷತ್ರದ ಹೆಸರು. ನಮ್ಮ ಪಂಚಾಂಗದ ಶ್ರವಣ ನಕ್ಷತ್ರ ಅದೇ. ಹೆಸರು ಮಾತ್ರ ಅರಬಿಯದು: ಅನ್ನಸ್ರುತ್ತಾಇರ್, ಹಾರುವ ಹದ್ದು. ಮಧ್ಯಯುಗದ ಅರಬ್ ಖಗೋಳಜ್ಞರು ಇಟ್ಟ ಹೆಸರು ಲ್ಯಾಟಿನ್ ಗ್ರಂಥಗಳ ಮೂಲಕ ಸಾಗಿ ಸಾವಿರ ವರ್ಷಗಳ ನಂತರ ಒಂದು ತಗಡಿನ ಪೆಟ್ಟಿಗೆಯ ಮೇಲೆ ಅಂಟಿಕೊಂಡಿತು. ಅದರೊಳಗೆ ನಡೆಯುವ ಲೆಕ್ಕದ ಕ್ರಮಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. ಅದು 9ನೇ ಶತಮಾನದ ಬಗ್ದಾದಿನಲ್ಲಿ ಕುಳಿತು ಭಾರತದ ಅಂಕಿಗಳ ಲೆಕ್ಕವನ್ನು ಅರಬರಿಗೆ ವಿವರಿಸಿದ ಅಲ್ ಖ್ವಾರಿಝ್ಮಿಯವರ ಹೆಸರಿನ ಲ್ಯಾಟಿನ್ ಅಪಭ್ರಂಶ. ಇದನ್ನು ಹೆಮ್ಮೆಗೆಂದು ಹೇಳುತ್ತಿಲ್ಲ. ಹೆಸರು ನಮ್ಮದಾದ ಮಾತ್ರಕ್ಕೆ ಯಂತ್ರ ನಮ್ಮ ಕೈಗೆ ಬರುವುದಿಲ್ಲವೆಂಬುದನ್ನು ನಾವು ಮುಂದೆ ಚೆನ್ನಾಗಿ ಕಲಿತೆವು.

ಇಂಗ್ಲೆಂಡಿನಲ್ಲಿ 1981ರ ಡಿಸೆಂಬರಿನಲ್ಲಿ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಬಂತು. ಬಿಬಿಸಿ ತನ್ನ ಕಂಪ್ಯೂಟರ್ ಸಾಕ್ಷರತೆಯ ಕಾರ್ಯಕ್ರಮಕ್ಕಾಗಿ ಮಾಡಿಸಿದ ಯಂತ್ರವದು. ಮರುವರ್ಷ ಏಪ್ರಿಲಿನಲ್ಲಿ ಕ್ಲೈವ್ ಸಿಂಕ್ಲೇರ್ ಅವರ ಝಡ್‌ಎಕ್ಸ್ ಸ್ಪೆಕ್ಟ್ರಮ್. ಅಗ್ಗದ ಮಾದರಿಗೆ 125 ಪೌಂಡು, 48 ಕಿಲೋಬೈಟಿನದಕ್ಕೆ 175. ಅಲ್ಲಿನ ಕೆಳಮಧ್ಯಮ ವರ್ಗದ ಮನೆಗೂ ಅದು ಎಟುಕಿತು. ನಮ್ಮಲ್ಲಿ ಆಮದಿನ ಮೇಲೆ ಭಾರೀ ಸುಂಕವಿತ್ತು. 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರಕಾರ ಹೊಸ ಕಂಪ್ಯೂಟರ್ ನೀತಿಯನ್ನು ಪ್ರಕಟಿಸಿದ ಮೇಲೆ ಬಾಗಿಲು ಸ್ವಲ್ಪ ತೆರೆಯಿತು. ಅದೇ ಸುಮಾರಿಗೆ, 1984-85ರಲ್ಲಿ, ಕೇಂದ್ರ ಸರಕಾರ ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆಗಾಗಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋಗಳನ್ನು ಕಳಿಸಿತು. ಮುಂದೆ ಶಾಲೆಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿತು. ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ಸರಕಾರಿ ಕಂಪನಿ ಅದೇ ಯಂತ್ರವನ್ನು ‘ಯುನಿಕಾರ್ನ್’ ಎಂಬ ಹೆಸರಿನಲ್ಲಿ ಇಲ್ಲೇ ತಯಾರಿಸಿತು. ಸ್ಪೆಕ್ಟ್ರಮ್ ಕೂಡ ಬಂತು. ಡೆಸಿಬೆಲ್ಸ್ ಎಂಬ ಕಂಪನಿ 1986ರಲ್ಲಿ ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂದು ಅದನ್ನು ಮಾರತೊಡಗಿತು. ಕೆಲವು ಸಾವಿರ ಮಾರಾಟವಾಗಿ 1990ರ ಹೊತ್ತಿಗೆ ಆ ವ್ಯಾಪಾರ ಮುಗಿಯಿತು.

ನಗರದ ನಮ್ಮ ಶಾಲೆಗೆ ಬಿಬಿಸಿ ಮೈಕ್ರೋಗಳು ಬಂದಾಗ ಅವಕ್ಕೊಂದು ಕೋಣೆ ಸಿದ್ಧವಾಯಿತು. ಕಿಟಕಿಗೆ ಪರದೆ, ನೆಲಕ್ಕೆ ಜಮಖಾನ, ಬಾಗಿಲಿಗೆ ಹೊಸ ಬೀಗ. ಚಪ್ಪಲಿ ಹೊರಗೆ ಬಿಡಬೇಕು. ಇನ್ನೂ ಅನೇಕ ಶಾಲೆಗಳಲ್ಲಿ ಹೀಗೇ ಇತ್ತೆಂದು ಆಮೇಲೆ ಕೇಳಿದ್ದೇವೆ. ವಾರಕ್ಕೊಂದು ಪೀರಿಯಡ್, ಒಂದು ಯಂತ್ರಕ್ಕೆ ಆರು ಹುಡುಗರು. ಒಬ್ಬ ಒತ್ತಿದರೆ ಐವರು ನೋಡಬೇಕು. ಕೆಟ್ಟುಹೋದೀತೆಂಬ ಭಯದಿಂದ ಉಳಿದ ಹೊತ್ತೆಲ್ಲ ಬಟ್ಟೆ ಹೊದಿಸಿ ಬೀಗ ಹಾಕಿಡುತ್ತಿದ್ದರು. ಗಣಿತದ ಮೇಷ್ಟ್ರೊಬ್ಬರು ಮಾತ್ರ ಶನಿವಾರ ಮಧ್ಯಾಹ್ನ ಬಾಗಿಲು ತೆರೆದು, ತಾವು ಉತ್ತರ ಪತ್ರಿಕೆ ತಿದ್ದುತ್ತಾ ಕುಳಿತು, “ಏನಾದ್ರೂ ಮಾಡ್ಕೊಳ್ರೋ, ಹೊಗೆ ಬರಿಸ್ಬೇಡಿ” ಎನ್ನುತ್ತಿದ್ದರು. ನಾವು ಕಂಪ್ಯೂಟರು ಕಲಿತದ್ದು ಆ ಒಂದು ವಾಕ್ಯದ ಆಸರೆಯಲ್ಲಿ.

ಅವರ ಬಳಿ ಒಂದು ಇಂಗ್ಲಿಷ್ ಪುಸ್ತಕದ ಕೆಲವು ಪುಟಗಳ ಝೆರಾಕ್ಸ್ ಇತ್ತು. ಡೇವಿಡ್ ಆಹ್ಲ್ ಎಂಬವರು ಸಂಪಾದಿಸಿದ, ಬೇಸಿಕ್ ಭಾಷೆಯಲ್ಲಿ ಬರೆದ ಆಟಗಳ ಸಂಕಲನ. 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ ಪುಸ್ತಕವದು. ಅದರಲ್ಲಿ ಚಂದ್ರನ ಮೇಲೆ ಇಳಿಯುವ ಆಟವೊಂದಿತ್ತು. 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಕೆಲವೇ ತಿಂಗಳಲ್ಲಿ, ಜಿಮ್ ಸ್ಟೋರರ್ ಎಂಬ ಅಮೆರಿಕದ ಹೈಸ್ಕೂಲು ಹುಡುಗ ಬರೆದದ್ದು. ಚಿತ್ರವಿಲ್ಲ, ಬರೀ ಅಂಕಿಗಳು. ನೀವು 120 ಮೈಲಿ ಎತ್ತರದಲ್ಲಿದ್ದೀರಿ, ಸೆಕೆಂಡಿಗೊಂದು ಮೈಲಿಯಂತೆ ಬೀಳುತ್ತಿದ್ದೀರಿ. ಪ್ರತಿ 10 ಸೆಕೆಂಡಿಗೊಮ್ಮೆ ಎಷ್ಟು ಇಂಧನ ಉರಿಸಬೇಕೆಂದು ಕೇಳುತ್ತದೆ. ಮೊದಲೇ ಉರಿಸಿದರೆ ಕೊನೆಗೆ ಇಂಧನವಿರುವುದಿಲ್ಲ, ತಡಮಾಡಿದರೆ ನೆಲಕ್ಕಪ್ಪಳಿಸುತ್ತೀರಿ. ಒಂದೊಂದೇ ಸಾಲನ್ನು ನೋಡಿ ಟೈಪ್ ಮಾಡಲು ನಮಗೆ ಮೂರು ಶನಿವಾರ ಹಿಡಿಯಿತು. ಒಂದು ಅಲ್ಪವಿರಾಮ ತಪ್ಪಿದರೂ ಯಂತ್ರ ಮುಂದೆ ಹೋಗದು. ಹಾಗೆ ತಪ್ಪು ಹುಡುಕುತ್ತಾ ಹುಡುಕುತ್ತಾ ಅದು ಹೇಗೆ ಯೋಚಿಸುತ್ತದೆಂಬುದು ತಲೆಗೆ ಹೋಯಿತು. ಅಂದಹಾಗೆ ಸ್ಟೋರರ್ ಅವರ ಮೂಲ ಲೆಕ್ಕದಲ್ಲೇ ಒಂದು ಸಣ್ಣ ತಪ್ಪಿತ್ತೆಂದು 55 ವರ್ಷಗಳ ನಂತರ, 2024ರಲ್ಲಿ ಒಬ್ಬರು ಕಂಡುಹಿಡಿದರು. ಅಂದು ನಮ್ಮ ಬೀಳುವಿಕೆಗಳಿಗೆಲ್ಲ ಅದನ್ನೇ ಕಾರಣ ಹೇಳಬಹುದಿತ್ತು!

ಆಟ ನಡೆಯತೊಡಗಿದ ಮೇಲೆ ಗೆಳೆಯನಿಗೊಂದು ಹುಚ್ಚು ಹಿಡಿಯಿತು. ಪರದೆಯ ಮೇಲೆ ‘ಚಂದ್ರ’ ಎಂದು ಕನ್ನಡದಲ್ಲಿ ಬರಬೇಕು. ಬಿಬಿಸಿ ಮೈಕ್ರೋದಲ್ಲಿ ನಮಗೆ ಬೇಕಾದ ಅಕ್ಷರವನ್ನು ನಾವೇ ರಚಿಸಿಕೊಳ್ಳಲು ಅವಕಾಶವಿತ್ತು. ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಲೆಕ್ಕದ ಪುಸ್ತಕದ ಚೌಕಗಳಲ್ಲಿ ಮಸಿ ತುಂಬಿ ಪ್ರತಿ ಸಾಲನ್ನೂ ಸಂಖ್ಯೆಯಾಗಿಸಿ ಕೊಡಬೇಕು. ‘ಚ’ ಹೇಗೋ ಬಂತು. ಸೊನ್ನೆ ಸುಲಭ. ‘ದ್ರ’ ಬಂದಾಗ ಒತ್ತಕ್ಷರಕ್ಕೆ ಜಾಗವಿಲ್ಲ. ಕೆಳಗಿನ ಸಾಲಿನಲ್ಲಿ ಇನ್ನೊಂದು ಅಕ್ಷರದ ಮನೆಯನ್ನೇ ಬಳಸಬೇಕಾಯಿತು. ‘ಮ’ ಮತ್ತು ‘ಯ’ ಎಂಟು ಚುಕ್ಕಿಗಳಲ್ಲಿ ಒಂದೇ ರೀತಿ ಕಾಣುತ್ತಿದ್ದವು. ಇಂಗ್ಲಿಷ್ ಅಕ್ಷರಗಳ ಅಳತೆಗೆ ಹೊಲಿದ ಅಂಗಿಯದು, ನಮ್ಮ ಲಿಪಿಯ ತೋಳು ಹೊರಗೇ ಉಳಿಯುತ್ತಿತ್ತು. ಕಡೆಗೂ ‘ಚಂದ್ರ’ ಬಂತು, ಕೊಂಚ ಕುಂಟುತ್ತಾ. ಅದನ್ನು ಕ್ಯಾಸೆಟ್ಟಿನಲ್ಲಿ ಉಳಿಸಿದ್ದೆವು. ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಆ ಕ್ಯಾಸೆಟ್ಟಿನ ಮೇಲೆ ಶಾಲಾ ದಿನಾಚರಣೆಯ ಹಾಡುಗಳನ್ನು ಯಾರೋ ರೆಕಾರ್ಡ್ ಮಾಡಿದ್ದರು.

ಮನೆಗೆ ಕಂಪ್ಯೂಟರು ಬಂದದ್ದು 1988ರ ಬೇಸಿಗೆಯಲ್ಲಿ, ರಿಪೇರಿಗೆ. ಅಬ್ಬಾ ಹೆಸರಘಟ್ಟದಲ್ಲಿ ರೇಡಿಯೋ, ಟೇಪ್‌ರೆಕಾರ್ಡರು ರಿಪೇರಿ ಮಾಡುತ್ತಿದ್ದರು. ಊರಿನಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಪಶುಪಾಲನೆಯ ಕೇಂದ್ರಗಳು ಇದ್ದುದರಿಂದ ಓದಿದ ಗಿರಾಕಿಗಳೂ ಬರುತ್ತಿದ್ದರು. ಅಂಥ ಒಬ್ಬರು ಡಿಬಿ ಸ್ಪೆಕ್ಟ್ರಮ್ ತಂದು, “ಸಾಬ್ರೇ, ಇದೊಂದು ನೋಡಿ, ಹುಡುಗ ಎಲಿಮಿನೇಟರ್ ಹಾಕ್ದ, ಸತ್ತೋಯ್ತು” ಎಂದರು. ಅಬ್ಬಾ ಅಂಥದ್ದನ್ನು ಅದುವರೆಗೆ ಬಿಚ್ಚಿದವರಲ್ಲ. ನೋಡಿದರೆ ಕಾರಣ ಸರಳವಾಗಿತ್ತು. ಸ್ಪೆಕ್ಟ್ರಮ್ಮಿನ 9 ವೋಲ್ಟಿನ ಪಿನ್ನಿನಲ್ಲಿ ಋಣ ಒಳಗೆ, ಧನ ಹೊರಗೆ. ಅದನ್ನು ನೋಡದೆ ಬೇರೆ ಎಲಿಮಿನೇಟರ್ ಚುಚ್ಚಿದರೆ ಉಲ್ಟಾ ಕರೆಂಟು ಹರಿಯುತ್ತದೆ. ಸುಟ್ಟ ಟ್ರಾನ್ಸಿಸ್ಟರಿಗೆ ಬದಲಿಯನ್ನು ಎಸ್.ಪಿ. ರೋಡಿನಿಂದ ತಂದು ಹಾಕಿದರು. ಕಪ್ಪುಬಿಳಿ ಟಿ.ವಿ.ಯ ಮೇಲೆ ಸಿಂಕ್ಲೇರ್ ಕಂಪನಿಯ ಹೆಸರಿನ ಸಾಲು ಮೂಡಿತು. ಆದರೆ ಗಿರಾಕಿ ಬರಲಿಲ್ಲ. ವರ್ಗಾವಣೆಯಾಗಿ ಹೋಗಿದ್ದಾರೆ, ಸಾಮಾನು ಸಾಗಿಸಲು ಬಂದಾಗ ಒಯ್ಯುತ್ತಾರೆಂದು ಸುದ್ದಿ ಬಂತು.

ಅಮಾನತ್ ಎಂಬ ಮಾತಿನ ತೂಕ ನಮಗೆ ತಿಳಿದದ್ದು ಆ ನಾಲ್ಕು ತಿಂಗಳಲ್ಲಿ. ನಂಬಿ ಒಪ್ಪಿಸಿದ ವಸ್ತುವನ್ನು ಇದ್ದಂತೆಯೇ ಹಿಂದಿರುಗಿಸಬೇಕು, ಅದರಿಂದ ಲಾಭ ಪಡೆಯಬಾರದು. ಅಬ್ಬಾ ಅದನ್ನು ಕಪಾಟಿನ ಮೇಲಿಟ್ಟರು. ನಾವು ಸುತ್ತಮುತ್ತ ಸುಳಿದೆವು. ವಾರದ ನಂತರ ತಂಗಿಯೇ ದಾರಿ ಹುಡುಕಿದಳು: “ಅಬ್ಬಾ, ನೀವು ರೇಡಿಯೋ ರಿಪೇರಿ ಮಾಡಿದ ಮೇಲೆ ಒಂದು ದಿನ ಹಚ್ಚಿಟ್ಟು ನೋಡ್ತೀರಲ್ಲ, ಇದನ್ನೂ ನೋಡ್ಬೇಡ್ವಾ?” ಅವರು ನಕ್ಕರು. ಇಶಾ ನಮಾಝಿನ ನಂತರ ಒಂದು ಗಂಟೆ, ಅವರ ಕಣ್ಣೆದುರು, ಪರೀಕ್ಷೆಗಾಗಿ. ಪರೀಕ್ಷೆ ನಾಲ್ಕು ತಿಂಗಳು ನಡೆಯಿತು. ಇದು ಅಮಾನತಿನ ಕಟ್ಟಳೆಯೊಳಗೆ ಬರುತ್ತಿತ್ತೋ ಇಲ್ಲವೋ ಎಂದು ಇಂದಿಗೂ ನಮ್ಮಿಬ್ಬರಲ್ಲಿ ಚರ್ಚೆಯಾಗುತ್ತದೆ.

ಪ್ರೋಗ್ರಾಮುಗಳು ಕ್ಯಾಸೆಟ್ಟಿನಲ್ಲಿದ್ದವು. ಟೇಪ್‌ರೆಕಾರ್ಡರಿನಿಂದ ತಂತಿ ಎಳೆದು ಯಂತ್ರಕ್ಕೆ ಸಿಕ್ಕಿಸಿದರೆ ಕೀರಲು ಧ್ವನಿಯಲ್ಲಿ ಐದು ನಿಮಿಷ ಓದುತ್ತದೆ, ಪರದೆಯ ಅಂಚಿನಲ್ಲಿ ಪಟ್ಟೆಗಳು ಓಡುತ್ತವೆ, ಕೊನೆಯಲ್ಲಿ ತಪ್ಪಾಗಿದೆ ಎನ್ನುತ್ತದೆ. ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರೇನೋ. ರೇಡಿಯೋ ರಿಪೇರಿಯವನ ಮಕ್ಕಳಿಗೆ ಟೇಪಿನ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ಗೊತ್ತಿತ್ತು. ಕೂದಲೆಳೆಯಷ್ಟು ತಿರುಗಿಸಿ, ಕೀರಲು ಹರಿತವಾಗಿ ಕೇಳಿಸಿದಾಗ ನಿಲ್ಲಿಸಬೇಕು. ಗಿರಾಕಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹದಿನಾಲ್ಕು ಕ್ಯಾಸೆಟ್ಟುಗಳಿದ್ದವು. ಒಂದರ ಮೇಲೆ ‘ಎಲೀಟ್’ ಎಂದಿತ್ತು.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್, ಬರೆದ ಆಟವದು. 1984ರ ಸೆಪ್ಟೆಂಬರಿನಲ್ಲಿ ಬಿಬಿಸಿ ಮೈಕ್ರೋಗೆ, ಮರುವರ್ಷ ಸ್ಪೆಕ್ಟ್ರಮ್ಮಿಗೆ ಬಂತು. ಅದಕ್ಕೂ ಮುಂಚೆ ಆಕಾಶದ ಆಟಗಳಿರಲಿಲ್ಲವೆಂದಲ್ಲ. 1962ರಲ್ಲೇ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಎರಡು ನೌಕೆಗಳ ಕಾಳಗವನ್ನು ಆಡಿದ್ದರು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ರೂಪಿಸಿದ ಸ್ಪೇಸ್ ಇನ್ವೇಡರ್ಸ್ ಜಗತ್ತನ್ನೇ ಸುತ್ತಿತ್ತು. ಅದರಲ್ಲಿ ಶತ್ರುಗಳು ಕಡಿಮೆಯಾದಂತೆಲ್ಲ ಉಳಿದವರು ವೇಗವಾಗಿ ಬರುತ್ತಾರಷ್ಟೆ. ಚಿತ್ರಿಸಬೇಕಾದದ್ದು ಕಡಿಮೆಯಾಗಿ ಪ್ರೊಸೆಸರಿನ ಭಾರ ಇಳಿದದ್ದೇ ಅದರ ಮೂಲ ಕಾರಣ. ಆದರೆ ಅವೆಲ್ಲ ಹೊಡೆಯುವ, ಸಾಯುವ ಆಟಗಳು. ಎಲೀಟಿನಲ್ಲಿ ಅಂಕಗಳಿರಲಿಲ್ಲ, ಮೂರು ಪ್ರಾಣಗಳೂ ಇರಲಿಲ್ಲ. ಕೈಯಲ್ಲಿ ಒಂದು ನೌಕೆ, 100 ಕ್ರೆಡಿಟ್ ಹಣ, ಮುಂದೆ ಎಂಟು ಗ್ಯಾಲಕ್ಸಿಗಳು, ಪ್ರತಿಯೊಂದರಲ್ಲಿ 256 ಲೋಕಗಳು. ಒಟ್ಟು 2048. ಇವನ್ನೆಲ್ಲ 32 ಕಿಲೋಬೈಟಿನಲ್ಲಿ ತುಂಬಿದ್ದು ಹೇಗೆ? ತುಂಬಿರಲೇ ಇಲ್ಲ ಎಂಬುದೇ ಉತ್ತರ. ಆರು ಬೈಟಿನ ಒಂದು ಬೀಜಸಂಖ್ಯೆ, ಹಿಂದಿನ ಸಂಖ್ಯೆಗಳನ್ನು ಕೂಡಿಸುತ್ತಾ ಮುಂದಿನದನ್ನು ಪಡೆಯುವ ಒಂದು ಸೂತ್ರ. ಅದರಿಂದಲೇ ಪ್ರತಿ ಲೋಕದ ಹೆಸರು, ಸ್ಥಾನ, ಆಡಳಿತ, ಆರ್ಥಿಕತೆ ಬೇಕೆಂದಾಗ ಹುಟ್ಟುತ್ತಿತ್ತು. ಪ್ರತಿ ಸಲವೂ ಅದೇ ಹುಟ್ಟುತ್ತಿತ್ತು. ಬಿತ್ತನೆಯ ಬೀಜ ಕಂಡ ಊರಿನವರಿಗೆ ಇದು ಅರ್ಥವಾಗದ ಮಾತಲ್ಲ.

ನಮಗೆ ಮೊದಲು ಎದುರಾದದ್ದು ಬೀಗ. ಸ್ಪೆಕ್ಟ್ರಮ್ಮಿನ ಎಲೀಟಿಗೆ ‘ಲೆನ್ಸ್‌ಲಾಕ್’ ಎಂಬ ಪ್ಲಾಸ್ಟಿಕ್ ಗಾಜಿನ ತುಂಡನ್ನು ಕೊಡುತ್ತಿದ್ದರು. ಚೂರುಚೂರಾದ ಎರಡು ಅಕ್ಷರಗಳು ಪರದೆಯಲ್ಲಿ ಬರುತ್ತವೆ, ಆ ಗಾಜಿನ ಮೂಲಕ ನೋಡಿದರೆ ಮಾತ್ರ ಕೂಡಿಕೊಳ್ಳುತ್ತವೆ. ಮೂರು ಸಲ ತಪ್ಪಿದರೆ ಎಲ್ಲವೂ ಮೊದಲಿಂದ. ಡಬ್ಬಿಯಲ್ಲಿ ಗಾಜಿರಲಿಲ್ಲ. ಐದು ನಿಮಿಷ ಕೀರಲು ಕೇಳುವುದು, ಮೂರು ಸಲ ಊಹಿಸುವುದು, ಮತ್ತೆ ಐದು ನಿಮಿಷ. ಹನ್ನೊಂದು ದಿನ ಹೀಗೆ ಹೋಯಿತು. ಆಮೇಲೆ ಪೇಟೆಯ ಅಂಗಡಿಯೊಂದರಲ್ಲಿ ಬೀಗ ಮುರಿದ ನಕಲು 15 ರೂಪಾಯಿಗೆ ಸಿಕ್ಕಿತು. ಇದನ್ನು ಅಬ್ಬಾಗೆ ಹೇಳಲಿಲ್ಲ. ಇಡೀ ದೇಶವೇ ಹಾಗೆ ನಕಲಿನಲ್ಲಿ ಕಲಿಯಿತೆಂಬ ಸಮಾಧಾನವಿದೆ, ಆದರೆ ಅದು ಸಮಾಧಾನ ಮಾತ್ರ.

ಎಲೀಟ್ ಮೂಲತಃ ವ್ಯಾಪಾರದ ಆಟ. ಕೃಷಿಯ ಲೋಕದಲ್ಲಿ ಧಾನ್ಯ ಅಗ್ಗ, ಕಂಪ್ಯೂಟರು ದುಬಾರಿ. ಕೈಗಾರಿಕೆಯ ಲೋಕದಲ್ಲಿ ಉಲ್ಟಾ. 17 ಬಗೆಯ ಸರಕು. ಆರಂಭದಲ್ಲಿ 20 ಟನ್ ಹಿಡಿಯುವ ನೌಕೆ. ಲೇವ್ ಎಂಬ ಲೋಕದಿಂದ ಧಾನ್ಯ ಒಯ್ದು ಮಾರಿ, ಬರುವಾಗ ಸಾಲುವಷ್ಟು ಯಂತ್ರಗಳನ್ನು ತರುವುದು. ಒಂದು ರಾತ್ರಿ ಅಬ್ಬಾ, “ಏನು ವ್ಯಾಪಾರ ಅದು?” ಎಂದು ಕೇಳಿದರು. ನಾವು ಧಾನ್ಯ, ಬಟ್ಟೆ, ಚಿನ್ನ ಎಂದು ಎಣಿಸಿದೆವು. ತಂಗಿ ಸೇರಿಸಿದಳು: “ಹೆಂಡ ಇದೆ, ಅಮಲಿನ ಪದಾರ್ಥ ಇದೆ, ಗುಲಾಮರೂ ಇದ್ದಾರೆ ಅಬ್ಬಾ.” ಗೆಳೆಯ ಅವಸರದಿಂದ, “ಚಾಚಾ, ಆಟ ಅಷ್ಟೆ, ಸುಳ್ಳು ಅಂಗಡಿ” ಎಂದ. ಅಬ್ಬಾ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ಹೇಳಿದರು: “ಅಂಗಡಿ ಸುಳ್ಳಾದ್ರೂ ಗಲ್ಲಾದ ಮೇಲೆ ಕೂತವನು ನೀನೇ ಅಲ್ವೇನಪ್ಪಾ?”

ಹ. ಬಿಲಾಲ್(ರ)ರನ್ನು ಹ. ಅಬೂಬಕರ್(ರ) ಗುಲಾಮಗಿರಿಯಿಂದ ಬಿಡಿಸಿದ ಕತೆ ಕೇಳಿ ಬೆಳೆದವರು ನಾವು. ಆವತ್ತಿನಿಂದ ನಮ್ಮ ನೌಕೆಯಲ್ಲಿ ಮೂರು ಸರಕು ನಿಷಿದ್ಧವಾದವು. ಆಟದ ಕಾನೂನು ಬೇರೆಯಿತ್ತು. ಅದರಲ್ಲಿ ಗುಲಾಮರು, ಅಮಲು ಪದಾರ್ಥ ಮತ್ತು ಬಂದೂಕು ಅಕ್ರಮ, ಸಾಗಿಸಿದರೆ ಪೊಲೀಸ್ ನೌಕೆಗಳು ಬೆನ್ನು ಹತ್ತುತ್ತವೆ. ಹೆಂಡ ಸಕ್ರಮ. ಬಂದೂಕಿನ ಬಗ್ಗೆ ಅಬ್ಬಾ ಏನೂ ಹೇಳಿರಲಿಲ್ಲವೆಂದು ಗೆಳೆಯ ವಾದಿಸಿ, ತನ್ನ ಸರದಿಯಲ್ಲಿ ಒಯ್ದು, ಎರಡು ಸಲ ಸತ್ತ. ಅಮಲು ಪದಾರ್ಥದ ಬೆಲೆ ತೀರಾ ಏರಿಳಿಯುತ್ತಿತ್ತು, ಒಂದೇ ಖೇಪಿನಲ್ಲಿ ಶ್ರೀಮಂತರಾಗಬಹುದಿತ್ತು. ನಾವು ಧಾನ್ಯ ಸಾಗಿಸಿಕೊಂಡೇ ಇದ್ದೆವು. ಆ ಆಟದ ವಿಶೇಷವೆಂದರೆ ಅದು ಇದರಲ್ಲಿ ಯಾವುದನ್ನೂ ಬೋಧಿಸುತ್ತಿರಲಿಲ್ಲ. ಬೆಲೆಪಟ್ಟಿಯನ್ನು ಮುಂದಿಟ್ಟು ಸುಮ್ಮನಾಗುತ್ತಿತ್ತು. ಮಕ್ಕಳು ವಿಡಿಯೋ ಗೇಮಿನಿಂದ ಕೆಡುತ್ತಾರೆಂಬ ಮಾತನ್ನು ನಮ್ಮ ವೇದಿಕೆಗಳಲ್ಲಿ ಪದೇ ಪದೇ ಕೇಳಿದ್ದೇವೆ. ಕೆಡುವ ಆಟಗಳೂ ಇವೆ, ನಿಜ. ಆದರೆ ಪಕ್ಕದಲ್ಲಿ ಕುಳಿತು ‘ಏನು ವ್ಯಾಪಾರ ಅದು’ ಎಂದು ಕೇಳುವ ಹಿರಿಯರು ಎಷ್ಟು ಮನೆಗಳಲ್ಲಿದ್ದಾರೆ?

ವ್ಯಾಪಾರ ಮಾಡಬೇಕಾದರೆ ನಿಲ್ದಾಣದೊಳಗೆ ಹೋಗಬೇಕು. ಎಲೀಟಿನ ನಿಜವಾದ ಕಷ್ಟ ಅದೇ. ಪ್ರತಿ ಲೋಕದ ಸುತ್ತ ಒಂದು ನಿಲ್ದಾಣ ತನ್ನಷ್ಟಕ್ಕೆ ಬುಗುರಿಯಂತೆ ತಿರುಗುತ್ತಿರುತ್ತದೆ. ಅದಕ್ಕೊಂದೇ ಬಾಗಿಲು, ಅಂಚೆಪೆಟ್ಟಿಗೆಯ ಬಾಯಂಥ ಸೀಳು, ಯಾವಾಗಲೂ ಗ್ರಹದ ಕಡೆಗೇ ಮುಖ. ಗ್ರಹಕ್ಕೂ ನಿಲ್ದಾಣಕ್ಕೂ ನಡುವೆ ಹೋಗಿ, ಹಿಂತಿರುಗಿ, ಬಾಗಿಲಿಗೆ ನೇರ ನಿಂತು, ಅದು ತಿರುಗುವ ವೇಗದಲ್ಲೇ ನಾವೂ ಉರುಳುತ್ತಾ, ನಿಧಾನವಾಗಿ ಒಳಗೆ ಹೋಗಬೇಕು. ಕೊಂಚ ಓರೆಯಾದರೆ ನೌಕೆ ಚೂರು. ಹುಡುಗರಾದ ನಾವಿಬ್ಬರು ಬಾಗಿಲು ಕಂಡೊಡನೆ ನುಗ್ಗುತ್ತಿದ್ದೆವು. ತಂಗಿ ದೂರದಲ್ಲಿ ನಿಲ್ಲಿಸಿ, ಹಗ್ಗದಾಟದಲ್ಲಿ ತಿರುಗುವ ಹಗ್ಗದೊಳಗೆ ಹಾರುವ ಮುನ್ನ ಹುಡುಗಿಯರು ತಲೆಯಾಡಿಸುತ್ತಾ ಲಯ ಹಿಡಿಯುತ್ತಾರಲ್ಲ, ಹಾಗೆ ಎಣಿಸುತ್ತಿದ್ದಳು. ಏಕ್, ದೋ, ತೀನ್. ಆಮೇಲೆ ಒಳಗೆ. ಇದನ್ನು ತಾನೇ ಮಾಡುವ ಡಾಕಿಂಗ್ ಕಂಪ್ಯೂಟರು 1500 ಕ್ರೆಡಿಟ್ಟಿಗೆ ಸಿಗುತ್ತಿತ್ತು. ಎಲ್ಲರೂ ಅದಕ್ಕಾಗಿ ಕೂಡಿಡುತ್ತಿದ್ದರು. ಅವಳಿಗೆ ಅದು ಬೇಡವಾಗಿತ್ತು.

ಶಾಲೆಯ ಬಿಬಿಸಿ ಮೈಕ್ರೋ ಅವಳು ನೋಡಿರಲಿಲ್ಲ. ಅವಳ ಶಾಲೆಗೆ ಆ ಯೋಜನೆ ಬಂದಿರಲಿಲ್ಲ. ಎಸ್ಸೆಸ್ಸೆಲ್ಸಿಯ ನಂತರ ಅವಳ ಓದು ನಿಂತಿತು. ನಮ್ಮದು ಮುಂದುವರಿಯಿತು, ಕಂಪ್ಯೂಟರೇ ಹೊಟ್ಟೆಪಾಡಾಯಿತು.

1989ರ ಈದ್‌ಗೆ ಆರ್.ಟಿ. ನಗರದ ಮಾಮುವಿನ ಮನೆಗೆ ಹೋದಾಗ ಇನ್ನೊಂದು ಯಂತ್ರ ಕಂಡೆವು. ಕುವೈತಿನಲ್ಲಿ ದುಡಿಯುತ್ತಿದ್ದ ಮಾಮು ತಂದ ಸಖ್ರ್. ಸಖ್ರ್ ಎಂದರೆ ಬಂಡೆ. ಮುಹಮ್ಮದ್ ಅಲ್ ಶಾರಿಖ್ ಎಂಬ ಕುವೈತಿ 1982ರಲ್ಲಿ ಕಂಪನಿ ಕಟ್ಟಿ, ಜಪಾನಿನ ಎಂಎಸ್‌ಎಕ್ಸ್ ಯಂತ್ರಗಳಿಗೆ ಅರಬಿ ಕಲಿಸಿ ಅರಬ್ ಮನೆಗಳಿಗೆ ತಲುಪಿಸಿದ್ದರು. ಕುರ್‌ಆನಿನ ಪಠ್ಯವನ್ನು ಕಂಪ್ಯೂಟರಿಗೆ ತಂದ ಮೊದಲಿಗರಲ್ಲಿ ಅವರೂ ಒಬ್ಬರು. 2024ರಲ್ಲಿ ತೀರಿಕೊಂಡರು. ಕಸಿನ್‌ಗಳು ಅದರಲ್ಲಿ ಕೊನಾಮಿ ಕಂಪನಿಯ ನೆಮೆಸಿಸ್ ಎಂಬ ನೌಕೆಯ ಆಟ ಆಡುತ್ತಿದ್ದರು. ನಮಗೆ ನೆನಪಿರುವುದು ಆಟವಲ್ಲ. ಒಂದು ಗುಂಡಿ ಒತ್ತಿದೊಡನೆ ಅಕ್ಷರಗಳು ಬಲದಿಂದ ಎಡಕ್ಕೆ ಬರತೊಡಗಿದವು, ಒಂದಕ್ಕೊಂದು ಕೈಹಿಡಿದುಕೊಂಡು, ಪಕ್ಕದ ಅಕ್ಷರಕ್ಕೆ ತಕ್ಕಂತೆ ಆಕಾರ ಬದಲಿಸುತ್ತಾ. ಎಂಟು ಚುಕ್ಕಿಯ ಮನೆಗಳಲ್ಲಿ ‘ದ್ರ’ಕ್ಕೆ ಜಾಗ ಹುಡುಕಿ ಸೋತಿದ್ದ ನಮಗೆ ಅದು ಎಷ್ಟು ದೊಡ್ಡ ಕೆಲಸವೆಂದು ತಿಳಿಯುತ್ತಿತ್ತು. ಕನ್ನಡ, ಇಂಗ್ಲಿಷ್ ಓದಲು ಬಾರದ ಅಮ್ಮಿ ಅಡುಗೆಮನೆಯಿಂದ ಬಂದು ಪರದೆಯ ಮುಂದೆ ನಿಂತರು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಬಿಸ್ಮಿಲ್ಲಾಹ್ ಎಂದು ಓದಿದರು. ಅವರು ಕಂಪ್ಯೂಟರಿನಲ್ಲಿ ಏನನ್ನಾದರೂ ಓದಿದ್ದು ಅದೇ ಮೊದಲು. ಮರುವರ್ಷ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. ಲಕ್ಷಕ್ಕೂ ಹೆಚ್ಚು ಭಾರತೀಯರೊಂದಿಗೆ ಮಾಮುವೂ ಬರಿಗೈಯಲ್ಲಿ ಮರಳಿದರು. ಆಮೇಲೆ ಆ ಯಂತ್ರವನ್ನು ಮಾರಬೇಕಾಯಿತು.

ಏಕಾರ್ನ್ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಬಿಬಿಸಿ ಮೈಕ್ರೋ ಆದ ಮೇಲೆ ರೂಪಿಸಿದ ಆರ್ಮ್ ಚಿಪ್ಪು 1985ರ ಏಪ್ರಿಲಿನಲ್ಲಿ ಮೊದಲ ಸಲ ಕೆಲಸ ಮಾಡಿತು. ಅದರ ಸಂತತಿಯೇ ಇಂದು ನಮ್ಮೆಲ್ಲರ ಜೇಬಿನ ಮೊಬೈಲುಗಳಲ್ಲಿದೆ. ಎಲೀಟಿನ ಮೂಲ ಸಂಕೇತವನ್ನು ಮಾರ್ಕ್ ಮಾಕ್ಸನ್ ಎಂಬವರು ಸಾಲುಸಾಲಾಗಿ ವಿವರಿಸಿ ಎಲ್ಲರ ಓದಿಗೆ ಒದಗಿಸಿದ್ದಾರೆ. ಅಲ್ಲಿನ ಒಂದೊಂದು ಬೈಟಿಗೂ ಚರಿತ್ರೆಯಿದೆ. ನಮ್ಮ ಕಡೆ ಆ ಸಾವಿರಾರು ಶಾಲಾ ಯಂತ್ರಗಳು ಏನಾದವು? ನಮ್ಮ ಶಾಲೆಯವು 1990ರ ದಶಕದ ನಡುವಿನಲ್ಲಿ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಹುಡುಗರು ಬರೆದದ್ದೆಲ್ಲ ಕ್ಯಾಸೆಟ್ಟಿನ ಬೂಷ್ಟಿನ ಕೆಳಗೆ ಸೇರಿತು. ಕುಂಟುವ ‘ಚಂದ್ರ’ ಕನ್ನಡದ ಕಂಪ್ಯೂಟರ್ ಇತಿಹಾಸದಲ್ಲಿ ಅಡಿಟಿಪ್ಪಣಿಗೂ ಬಾರದು. ಬೇರೆ ಬೇರೆ ಊರುಗಳಲ್ಲಿ ಅಂಥ ಎಷ್ಟು ಅಕ್ಷರಗಳನ್ನು ಮಕ್ಕಳು ಚೌಕಗಳಲ್ಲಿ ತುಂಬಿದ್ದರೋ. ಆ ವಯಸ್ಸಿನವರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳುವವರು ಬೇಕು.

ಪೀಣ್ಯದ ಕಡೆ ನಾವು ತಿರುಗಿ ನೋಡಿದ್ದು ಬಹಳ ವರ್ಷಗಳ ನಂತರ. ಉಪಗ್ರಹಗಳ ಜಾಡು ಹಿಡಿಯುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರ ಅಲ್ಲಿದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರಿನ ಸಂಪರ್ಕ ಚಂದ್ರನಿಂದ 2.1 ಕಿಲೋಮೀಟರ್ ಎತ್ತರದಲ್ಲಿ ಕಡಿದಾಗ, 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿದಾಗ, ಜನ ಅಂಕಿಗಳನ್ನು ನೋಡುತ್ತಾ ಕುಳಿತದ್ದು ಅಲ್ಲೇ. ಎತ್ತರ, ವೇಗ. ಮೂರು ಶನಿವಾರ ಟೈಪ್ ಮಾಡಿದವರಿಗೆ ಆ ಎರಡು ಅಂಕಿಗಳು ಸಾಕಾಗಿದ್ದವು. ಆಮೇಲೆ 2024ರ ಡಿಸೆಂಬರ್ 30ರಂದು ಸ್ಪೇಡೆಕ್ಸ್ ಹಾರಿತು. ಸುಮಾರು 220 ಕಿಲೋ ತೂಕದ ಎರಡು ಉಪಗ್ರಹಗಳು ಆಕಾಶದಲ್ಲೇ ಒಂದಕ್ಕೊಂದು ಜೋಡಿಸಿಕೊಳ್ಳಬೇಕು. ದಿನಾಂಕ ಎರಡು ಸಲ ಮುಂದಕ್ಕೆ ಹೋಯಿತು. ಜನವರಿ 12ರಂದು 15 ಮೀಟರಿಗೆ, ನಂತರ 3 ಮೀಟರಿಗೆ ಬಂದು, ಮತ್ತೆ ಹಿಂದೆ ಸರಿದವು. ಟಿ.ವಿ.ಯಲ್ಲಿ ಕೆಲವರು ಇದನ್ನು ವೈಫಲ್ಯವೆಂಬಂತೆ ಮಾತಾಡಿದರು. ಜನವರಿ 16ರಂದು ಜೋಡಣೆಯಾಯಿತು. ಅಮೆರಿಕ, ರಷ್ಯ, ಚೀನಾದ ನಂತರ ನಾಲ್ಕನೆಯ ದೇಶ.

ಆ ಬೆಳಿಗ್ಗೆ ತಂಗಿಯ ಫೋನು ಬಂತು. ಈಗ ಅವಳಿಗೆ ಮೊಮ್ಮಗಳಿದ್ದಾಳೆ. “ನೋಡಿದ್ರಾ ಭಾಯಿ, ನುಗ್ಗಲಿಲ್ಲ ಅವರು. ಹಿಂದೆ ಸರಿದು ಎಣಿಸಿದ್ರು.” ಮಾತು ಆ ನಾಲ್ಕು ತಿಂಗಳಿಗೆ ಹೋಯಿತು. ಗಿರಾಕಿ ಕಡೆಗೂ ಬಂದಿದ್ದರು, ಸೆಪ್ಟೆಂಬರಿನಲ್ಲಿ, ಒಂದು ಮಂಗಳವಾರ. ಅಬ್ಬಾ ನಮ್ಮ ಕೈಯಲ್ಲೇ ಕ್ಯಾಸೆಟ್ಟುಗಳನ್ನು ಎಣಿಸಿ ಕೊಡಿಸಿದರು. ಹದಿನಾಲ್ಕು ಸರಿಯಾಗಿತ್ತು. ಟ್ರಾನ್ಸಿಸ್ಟರಿನ ಬೆಲೆ, ಮೇಲೆ 20 ರೂಪಾಯಿ ಮಜೂರಿ. ನಮ್ಮ ಕಮಾಂಡರನನ್ನು ಉಳಿಸಿಟ್ಟಿದ್ದು ಆ ಹದಿನಾಲ್ಕರಲ್ಲೊಂದರ ಬಿ ಬದಿಯಲ್ಲಿ. ಅದು ನೆನಪಾಗುವಷ್ಟರಲ್ಲಿ ಅವರ ಸ್ಕೂಟರು ಕೆರೆಯ ಏರಿ ದಾಟಿತ್ತು. ಆಗ ನೌಕೆಯಲ್ಲಿ ಎಷ್ಟು ಹಣವಿತ್ತೆಂಬುದರ ಮೇಲೆ ನಮಗೆ ಒಮ್ಮತವಿಲ್ಲ. ನಮ್ಮ ಪ್ರಕಾರ 1140 ಕ್ರೆಡಿಟ್, ಡಾಕಿಂಗ್ ಕಂಪ್ಯೂಟರಿಗೆ ಇನ್ನು 360 ಸಾಲದು. ಅವಳ ಪ್ರಕಾರ 1400ರ ಮೇಲಿತ್ತು, ಜೊತೆಗೆ 20 ಟನ್ ಧಾನ್ಯ.